ಬಾಸ್ ಹಿಡಿದು ಜಾಜ್‌ನ ಒಳಗೆ

ಡಿಸೆಂಬರ್ ಬಂತೆಂದರೆ ಚೆನ್ನೈನಲ್ಲಿ ಸಭೆಯಿಂದ ಸಭೆಗೆ ಓಡಾಡಿ ದಿನಕ್ಕೆ ಎರಡು ಮೂರು ಕಛೇರಿ ಕೇಳುವವರಿದ್ದಾರೆ. ಆಲಾಪನೆಯ ಮೊದಲ ಎಳೆಯಲ್ಲೇ ರಾಗ ಗುರುತಿಸಬಲ್ಲವರು ಅವರು. ಅಂಥವರೂ ಜಾಜ್ ಎಂದೊಡನೆ ಹಿಂದೆ ಸರಿಯುತ್ತಾರೆ. ಎಲ್ಲರೂ ಒಟ್ಟೊಟ್ಟಿಗೆ ಏನೋ ನುಡಿಸುತ್ತಾರೆ, ನಡುವೆ ಹಾಡು ಎಲ್ಲಿ ಕಳೆದುಹೋಯಿತೋ ತಿಳಿಯುವುದಿಲ್ಲ ಎಂಬುದು ಅವರ ದೂರು. ಹಾಡು ಕಳೆದುಹೋಗಿರುವುದಿಲ್ಲ. ನಮ್ಮ ಕಿವಿ ಸ್ಯಾಕ್ಸೊಫೋನಿನ ಬೆನ್ನು ಹತ್ತಿರುತ್ತದೆ, ಹಾಡು ಬಾಸ್‌ನಲ್ಲಿ ಉಳಿದಿರುತ್ತದೆ. ಆದ್ದರಿಂದ ಹೊಸಬರಿಗೆ ನಾನು ಕೊಡುವ ಮೊದಲ ಪಾಠ ಒಂದೇ: ಕೆಳಗಿನಿಂದ ಕೇಳಿ. ಅದಕ್ಕೆ ಒದಗಿಬರುವ ಒಂದು ಆಲ್ಬಂ ಚಾರ್ಲಿ ಹೇಡನ್ ಅವರ ಕ್ವಾರ್ಟೆಟ್ ವೆಸ್ಟ್ ತಂಡದ 'ಹಾಂಟೆಡ್ ಹಾರ್ಟ್'. ವರ್ವ್ ಕಂಪನಿ ಅದನ್ನು ಹೊರತಂದದ್ದು 1992ರಲ್ಲಿ. ಹೇಡನ್ ಬಾಸ್ ವಾದಕರಾಗಿದ್ದರು, ತಂಡದ ನಾಯಕರೂ ಅವರೇ.

ಮೊದಲು ವಾದ್ಯದ ಪರಿಚಯ. ಡಬಲ್ ಬಾಸ್ ಆಳೆತ್ತರದ ತಂತಿವಾದ್ಯ. ನೋಡಲು ಪಿಟೀಲಿನ ದೊಡ್ಡಣ್ಣ, ಆದರೆ ಜಾಜ್‌ನಲ್ಲಿ ಅದನ್ನು ಹೆಚ್ಚಾಗಿ ಬೆರಳಿನಿಂದ ಮೀಟುತ್ತಾರೆ. ನಾಲ್ಕು ತಂತಿಗಳಲ್ಲಿ ಅತಿ ಕೆಳಗಿನದರ ಕಂಪನ ಸೆಕೆಂಡಿಗೆ ಸುಮಾರು 41 ಸಲ. ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿಳಿಯುವ ಶಕ್ತಿಯಿಲ್ಲ. ಜಾಜ್ ಅರ್ಥವಾಗಲಿಲ್ಲ ಎನ್ನುವವರಲ್ಲಿ ಎಷ್ಟೋ ಮಂದಿ ಬಾಸನ್ನು ಕೇಳಿಯೇ ಇರುವುದಿಲ್ಲ. ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಕುಳಿತರೆ ಅರ್ಧ ಪಾಠ ಮುಗಿದಂತೆ.

ಬಾಸ್ ವಾದಕರಿಗೆ ಎರಡು ಕೆಲಸ. ಒಂದು, ಎಣಿಕೆಗೊಂದು ಸ್ವರದಂತೆ ನುಡಿಸುತ್ತ ಕಾಲಪ್ರಮಾಣವನ್ನು ಕಾಯುವುದು. ಇದಕ್ಕೆ 'ವಾಕಿಂಗ್ ಬಾಸ್' ಎನ್ನುತ್ತಾರೆ. ಇನ್ನೊಂದು, ಹಾಡು ಈಗ ಯಾವ ಸ್ವರಗುಚ್ಛದಲ್ಲಿದೆ (ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಎಂದು ಉಳಿದವರಿಗೂ ನಮಗೂ ತಿಳಿಸುತ್ತ ಹೋಗುವುದು. ನಮ್ಮ ಕಛೇರಿಯಲ್ಲಿ ತಂಬೂರಿಯ ಶ್ರುತಿ ಮೊದಲಿನಿಂದ ಕೊನೆಯವರೆಗೆ ಕದಲುವುದಿಲ್ಲ. ಜಾಜ್‌ನಲ್ಲಿ ನೆಲವೇ ಸರಿಯುತ್ತಿರುತ್ತದೆ, ಅದು ಎಲ್ಲಿಗೆ ಸರಿಯಿತೆಂದು ಹೇಳುವುದು ಬಾಸ್.

ಈಗ ಚೌಕಟ್ಟು. 1940ರ ದಶಕದ ಅಮೆರಿಕದ ಬಹಳಷ್ಟು ಹಾಡುಗಳು 32 ಬಾರ್‌ಗಳವು. ಬಾರ್ ಒಂದಕ್ಕೆ ನಾಲ್ಕು ಎಣಿಕೆ, ಒಟ್ಟು 128. ಆದಿತಾಳ ಹಾಕಿ ಕುಳಿತರೆ ಸರಿಯಾಗಿ 16 ಆವರ್ತ. ಇದನ್ನು ನಾಲ್ಕು ನಾಲ್ಕು ಆವರ್ತಗಳ ನಾಲ್ಕು ಭಾಗ ಮಾಡಿ. ಒಂದು, ಎರಡು ಮತ್ತು ನಾಲ್ಕನೆಯ ಭಾಗಗಳಲ್ಲಿ ಒಂದೇ ಧಾಟಿ, ಮೂರನೆಯದರಲ್ಲಿ ಬೇರೆ. ಮೊದಲು ಹಾಡನ್ನು ಇದ್ದಂತೆ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಅದೇ 128 ಎಣಿಕೆಗಳ ಮೇಲೆ ತಮ್ಮ ಮನೋಧರ್ಮ ತೋರಿಸುತ್ತಾರೆ. ಸಾಹಿತ್ಯದ ಸಾಲನ್ನು ಅದರ ಜಾಗದಲ್ಲೇ ಇಟ್ಟುಕೊಂಡು ನೆರವಲ್ ಮಾಡುವುದನ್ನು ಬಲ್ಲವರಿಗೆ ಇದು ತೀರ ಅಪರಿಚಿತವೇನಲ್ಲ. ಕೊನೆಯಲ್ಲಿ ಎಲ್ಲರೂ ಹಾಡಿಗೆ ಮರಳುತ್ತಾರೆ.

ಕ್ವಾರ್ಟೆಟ್ ವೆಸ್ಟ್‌ನಂಥ, ಪಿಯಾನೊ, ಸ್ಯಾಕ್ಸೊಫೋನ್, ಬಾಸ್, ಡ್ರಮ್ಸ್ ಎಂಬ ನಾಲ್ವರ ಮೇಳ ಮದ್ರಾಸಿಗೆ (ಇಂದಿನ ಚೆನ್ನೈಗೆ) ಹೊಸದಲ್ಲ. 1958ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಪಿಯಾನೊ ವಾದಕ ಡೇವ್ ಬ್ರೂಬೆಕ್ ಅವರ ನಾಲ್ವರ ತಂಡವನ್ನು ದೇಶದೇಶಗಳಿಗೆ ಕಳಿಸಿದಾಗ ಆ ತಂಡ ಇಲ್ಲಿಗೂ ಬಂದಿತ್ತು. ಅದರಲ್ಲಿ ಬಾಸ್ ನುಡಿಸಿದವರು ಯುಜೀನ್ ರೈಟ್. 

ಬಾಸ್ ಕೇಳುವ ಅಭ್ಯಾಸ ಕನ್ನಡಿಗರಿಗೆ ಅರಿವಿಲ್ಲದೆಯೇ ಆಗಿರುವುದೂ ಇದೇ ಊರಿನ ಸ್ಟುಡಿಯೋಗಳಿಂದ. 1980ರ ದಶಕದವರೆಗೂ ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣ ಬಹುಪಾಲು ಮದ್ರಾಸಿನಲ್ಲೇ ನಡೆಯುತ್ತಿತ್ತು. 1968ರ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆದಾಗ ಸಂಗೀತ ಕೊಟ್ಟವರು ಜಿ.ಕೆ. ವೆಂಕಟೇಶ್. ಅವರ ಬಳಿ ಸಹಾಯಕರಾಗಿದ್ದು ಗಿಟಾರ್ ನುಡಿಸುತ್ತಿದ್ದ ಇಳಯರಾಜ ಮುಂದೆ ಬಾಸ್ ಗಿಟಾರಿಗೆ ತನ್ನದೇ ಧಾಟಿಯನ್ನು ಬರೆದುಕೊಟ್ಟರು. ಅವರೇ ಸಂಗೀತ ಕೊಟ್ಟ 1983ರ 'ಪಲ್ಲವಿ ಅನುಪಲ್ಲವಿ'ಯ 'ನಗುವಾ ನಯನ'ವನ್ನು ಈ ಸಲ ಗಾಯಕರನ್ನು ಬಿಟ್ಟು ಕೆಳಗಿನ ತಂತಿಯನ್ನಷ್ಟೇ ಹಿಂಬಾಲಿಸಿ ಕೇಳಿ. ಎ.ಆರ್. ರೆಹಮಾನ್ ಅವರ ಹಾಡುಗಳಲ್ಲಿ ಚೆನ್ನೈನ ಕೀತ್ ಪೀಟರ್ಸ್ ಅವರ ಬಾಸನ್ನೂ ಹೀಗೆ ಹುಡುಕಬಹುದು. ಈ ಅಭ್ಯಾಸವಾದರೆ ಹೇಡನ್ ಕೈಗೆ ಸಿಕ್ಕಂತೆಯೇ.

ಹೇಡನ್ ಹುಟ್ಟಿದ್ದು 1937ರಲ್ಲಿ, ಅಯೋವಾ ರಾಜ್ಯದ ಶೆನಂಡೋವಾದಲ್ಲಿ. ಮನೆಮಂದಿಯೆಲ್ಲ ರೇಡಿಯೊದಲ್ಲಿ ಹಳ್ಳಿಗಾಡಿನ ಹಾಡು ಹಾಡುತ್ತಿದ್ದರು. ಇವರು ಎರಡು ವರ್ಷ ತುಂಬುವ ಮೊದಲೇ ಅವರ ಜೊತೆ ಹಾಡಿದವರು. ಹದಿನೈದರ ವಯಸ್ಸಿನಲ್ಲಿ ತಗುಲಿದ ಪೋಲಿಯೊ ಗಂಟಲಿಗೆ ಪೆಟ್ಟು ಕೊಟ್ಟಿತು. ಹಾಡು ನಿಂತು ಬಾಸ್ ಮುಖ್ಯವಾಯಿತು. 1957ರಲ್ಲಿ ಲಾಸ್ ಏಂಜಲೀಸ್ ಸೇರಿದರು. ಎರಡು ವರ್ಷಗಳಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಜೊತೆ, ಮೊದಲೇ ಗೊತ್ತುಮಾಡಿದ ಸ್ವರಗುಚ್ಛಗಳ ಹಂಗನ್ನೇ ಕಳಚಿದ ಸಂಗೀತ ನುಡಿಸಿ ಜಾಜ್ ಲೋಕದಲ್ಲಿ ದೊಡ್ಡ ಜಗಳವನ್ನೇ ಎಬ್ಬಿಸಿದರು. ಹಳೆಯದನ್ನು ಮುರಿದವರ ಸಾಲಿನಲ್ಲಿದ್ದ ಈ ಮನುಷ್ಯ 1986ರಲ್ಲಿ ಕ್ವಾರ್ಟೆಟ್ ವೆಸ್ಟ್ ಕಟ್ಟಿ 1940ರ ದಶಕದ ಲಾಸ್ ಏಂಜಲೀಸಿನ ಹಾಡುಗಳಿಗೆ ಮರಳಿದರು.

'ಹಾಂಟೆಡ್ ಹಾರ್ಟ್'ನಲ್ಲಿ ಎರ್ನಿ ವಾಟ್ಸ್ ಟೆನರ್ ಸ್ಯಾಕ್ಸೊಫೋನ್, ನ್ಯೂಜಿಲೆಂಡಿನಿಂದ ಬಂದ ಅಲನ್ ಬ್ರಾಡ್‌ಬೆಂಟ್ ಪಿಯಾನೊ, ಲಾರನ್ಸ್ ಮಾರೆಬಲ್ ಡ್ರಮ್ಸ್ ನುಡಿಸಿದ್ದಾರೆ. ಆಲ್ಬಂ ಶುರುವಾಗುವುದೇ ಹಳೆಯ ಹಾಲಿವುಡ್ ಚಿತ್ರಸಂಗೀತದ ತುಣುಕಿನಿಂದ. 'ಹಲೋ ಮೈ ಲವ್ಲಿ', 'ದ ಲಾಂಗ್ ಗುಡ್‌ಬೈ', 'ಲೇಡಿ ಇನ್ ದ ಲೇಕ್' ತಂಡದವರೇ ಬರೆದ ಹೊಸ ರಚನೆಗಳು. ಹೆಸರುಗಳು ಮಾತ್ರ ಆ ನಗರದ ಪತ್ತೇದಾರಿ ಕಾದಂಬರಿಕಾರ ರೇಮಂಡ್ ಚಾಂಡ್ಲರ್‌ನ ಕೃತಿಗಳನ್ನು ನೆನಪಿಸುತ್ತವೆ. ಜೊತೆಗೆ ಹಿಂದಿನ ತಲೆಮಾರಿನ ಜಾಜ್ ವಾದಕರಾದ ಚಾರ್ಲಿ ಪಾರ್ಕರ್, ಬಡ್ ಪವೆಲ್ ಅವರ ರಚನೆಗಳೂ ಇವೆ.

ಹೊಸಬರನ್ನು ಚಕಿತಗೊಳಿಸುವುದು ಮೂರು ಕಡೆ ನಡೆಯುವ ಒಂದು ಪ್ರಯೋಗ. ನಾಲ್ವರ ವಾದನದ ಜೊತೆಗೇ ಹಳೆಯ ಗಾಯಕಿಯೊಬ್ಬರ ಧ್ವನಿಮುದ್ರಿಕೆ ತೆರೆದುಕೊಳ್ಳುತ್ತದೆ: ಶೀರ್ಷಿಕೆಯ ಹಾಡಿನಲ್ಲಿ ಜೋ ಸ್ಟಾಫರ್ಡ್, ಇನ್ನೊಂದರಲ್ಲಿ ಜೆರಿ ಸದರ್ನ್, ಕೊನೆಯ 'ಡೀಪ್ ಸಾಂಗ್'ನಲ್ಲಿ ಬಿಲ್ಲಿ ಹಾಲಿಡೇ. ಇದು ಬರೀ ನೆನಪಿನ ಸಂಭ್ರಮ ಎಂದು ತಳ್ಳಿಹಾಕಬಹುದು. ಆದರೆ ನುಡಿಸುವವರಿಗೆ ಇದೊಂದು ಪರೀಕ್ಷೆ. ಹಳೆಯ ದನಿ ಪಕ್ಕದಲ್ಲೇ ನಿಂತಾಗ ನಕಲಿದ್ದರೆ ತಕ್ಷಣ ಬಯಲಾಗುತ್ತದೆ. ಈ ನಾಲ್ವರು ನಕಲಿಗೆ ಕೈಹಾಕಿಲ್ಲ. ವಾಟ್ಸ್ ಅವರ ಸ್ಯಾಕ್ಸೊಫೋನ್ ತನ್ನ ಕಾಲದ ಚುರುಕನ್ನು ಮುಚ್ಚಿಡುವುದಿಲ್ಲ, ಧ್ವನಿಮುದ್ರಣವೂ ನಿಚ್ಚಳವಾಗಿದೆ.

ಹಾಗಾದರೆ ಹಳೆಯ ಕಾಲ ಎಲ್ಲಿಂದ ಬಂತು? ಮುಖ್ಯವಾಗಿ ಹೇಡನ್ ಅವರ ಕೈಯಿಂದ. ಉಕ್ಕಿನ ತಂತಿ ಎಲ್ಲೆಡೆ ಬಂದ ಮೇಲೂ ಅವರು ಮೇಲಿನ ತಂತಿಗಳಿಗೆ ಪ್ರಾಣಿಯ ಕರುಳಿನಿಂದ ಮಾಡಿದ 'ಗಟ್' ತಂತಿಯನ್ನೇ ಇಟ್ಟುಕೊಂಡಿದ್ದರು. ಅದರ ನಾದ ದುಂಡಗೆ, ಮರದ ಗುಣದ್ದು. ಜೊತೆಗೆ ಅವರ ಮಿತಸ್ವರ. ಬೇರೆಯವರು ಎಂಟು ಸ್ವರ ತುಂಬುವ ಕಡೆ ಅವರು ಎರಡು ಇಟ್ಟು ಸುಮ್ಮನಾಗುತ್ತಾರೆ. ಗಾಯಕರಿಗೆ ಜಾಗ ಬಿಟ್ಟು ನುಡಿಸುತ್ತಿದ್ದವರ ಕ್ರಮ ಅದು. ಈ ತಂಡದಲ್ಲಿ ಗಾಯಕರಿಲ್ಲ, ಬಿಟ್ಟ ಜಾಗ ಹಾಗೆಯೇ ಇದೆ. ಆ ಹಳೆಯ ದನಿಗಳು ಬಂದಾಗ ಹೊರಗಿನವೆನಿಸದಿರಲು ಕಾರಣವೂ ಇದೇ.

ಕೇಳುವ ಕ್ರಮ ಹೀಗಿರಲಿ. ಮೊದಲು ಪಾರ್ಕರ್‌ನ 'ಸೆಗ್ಮೆಂಟ್'. ತೊಡೆಯ ಮೇಲೆ ತಾಳ ಹಾಕುತ್ತ ಮೇಲೆ ಹೇಳಿದ 16 ಆವರ್ತ ಎಣಿಸಿ. ವೇಗ ಜಾಸ್ತಿ, ಎಣಿಕೆ ತಪ್ಪುತ್ತದೆ. ತಪ್ಪಿದಾಗ ಬಾಸನ್ನು ಹಿಡಿದು ಮೂರನೆಯ ಭಾಗ ಎಲ್ಲಿ ತಿರುಗುತ್ತದೆಂದು ಕಾದರೆ ಮತ್ತೆ ಸಿಗುತ್ತದೆ. ಎರಡನೆಯದು ಶೀರ್ಷಿಕೆಯ ಹಾಡು. ಇಲ್ಲಿ ಎಣಿಸುವುದು ಬೇಡ, ಹೇಡನ್ ಬಿಡುವ ಜಾಗವನ್ನಷ್ಟೇ ಗಮನಿಸಿ. ಮೂರನೆಯದು ಬಡ್ ಪವೆಲ್‌ನ 'ಡಾನ್ಸ್ ಆಫ್ ದ ಇನ್ಫಿಡಲ್ಸ್'. ಅದರ ಸುತ್ತು ಬರೀ 12 ಬಾರ್, ಅಂದರೆ ಆರು ಆವರ್ತ. ಬ್ಲೂಸ್ ಎನ್ನುವುದು ಇದನ್ನೇ. ಆಮೇಲೆ ಪೂರ್ತಿ ಆಲ್ಬಂ ಒಂದೇ ಸಲಕ್ಕೆ.

ಅದು ಕಿವಿಗೆ ಹಿಡಿದ ಮೇಲೆ ಕೋಲ್ಮನ್ ಅವರ 1959ರ 'ದ ಶೇಪ್ ಆಫ್ ಜಾಜ್ ಟು ಕಮ್' ಹಾಕಿ. ಮೇಲೆ ಎಲ್ಲ ಕಟ್ಟು ಕಳಚಿದಂತೆ ಕೇಳಿಸುತ್ತದೆ. ಕೆಳಗೆ ಇಪ್ಪತ್ತೊಂದರ ಹರೆಯದ ಹೇಡನ್ ಇದ್ದಾರೆ, ಅದೇ ದುಂಡು ನಾದ, ಅದೇ ಮಿತಸ್ವರ. ಮುಂದೆ ಹಳೆಯ ಹಾಡುಗಳಿಗೆ ಹೋದಾಗ ಅವರು ತಮ್ಮ ಕೈ ಬದಲಿಸಿಕೊಳ್ಳಬೇಕಾಗಲಿಲ್ಲ ಎಂಬುದು ಆಗ ನಿಮಗೆ ಯಾರೂ ಹೇಳದೆಯೇ ತಿಳಿಯುತ್ತದೆ.