ಅಳತೆ ಮೊದಲು, ಸಹಿ ಆಮೇಲೆ

ನಮ್ಮದು ರೊಟ್ಟಿ ಮಾಡುವ ಸಂಘ. ನಾವು 12 ಜನ ಹೆಣ್ಣುಮಕ್ಕಳು. ನಮ್ಮೂರು ಕಲಬುರಗಿ ಜಿಲ್ಲೆಯಲ್ಲಿದೆ. ಇದು ಜೋಳದ ಸೀಮೆ. ರೊಟ್ಟಿ ಬಡಿಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಕಟ್ಟಡ ಕಟ್ಟಿಸುವುದನ್ನು ನಾವು ಕಲಿಯಬೇಕಾಯಿತು. ಅದರ ಕತೆ ಇದು.

ಹಳೆಯ ಕೋಣೆ

ನಮ್ಮ ರೊಟ್ಟಿ ಮನೆ ಒಂದೇ ಕೋಣೆ. 12 ಅಡಿ ಉದ್ದ, 10 ಅಡಿ ಅಗಲ. ಮೇಲೆ ತಗಡು. ಒಳಗೆ ಮೂರು ಒಲೆ. ಹೊಗೆಗೆ ಕಣ್ಣು ಉರಿಯುತ್ತಿತ್ತು. ಮಳೆ ಬಂದರೆ ಸೋರುತ್ತಿತ್ತು. ಹಿಟ್ಟಿನ ಚೀಲ ಎಲ್ಲಿಡೋದು ಅನ್ನುವುದೇ ಚಿಂತೆ. ಖಾನಾವಳಿಯವರು ದಿನಾ 500 ರೊಟ್ಟಿ ಕೇಳಿದರು. ಜಾಗ ಸಾಲದೆ ನಾವು ಒಲ್ಲೆ ಅಂದೆವು. ಬಂದ ಕೆಲಸ ವಾಪಸ್ ಹೋಯಿತು.

ಆಗ ಸಂಘದ ಸಭೆ ಕರೆದೆವು. ಹಳೆಯ ಕೋಣೆ ದುರಸ್ತಿ ಮಾಡಿ ಹಿಟ್ಟು ಇಡೋಣ. ಪಕ್ಕದಲ್ಲಿ ಹೊಸದಾಗಿ ದೊಡ್ಡ ಕೋಣೆ ಕಟ್ಟೋಣ. ಯಂತ್ರ ತರೋಣ. ಎಲ್ಲರೂ ಹೂಂ ಅಂದರು. ಆದರೆ ಹಣ?

ಸಹಾಯಧನ ಅಂದರೆ ಏನು?

2020ರಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆ ತಂದಿತು. ಅದರ ಹೆಸರು ಪಿ.ಎಂ.ಎಫ್.ಎಂ.ಇ. ರೊಟ್ಟಿ, ಹಪ್ಪಳ, ಉಪ್ಪಿನಕಾಯಿ, ಖಾರದ ಪುಡಿ ಮಾಡುವ ಸಣ್ಣ ಉದ್ದಿಮೆಗಳಿಗೆ ಈ ಯೋಜನೆ. ಇದರ ಅಡಿಯಲ್ಲಿ ನೂರಕ್ಕೆ 35 ರೂಪಾಯಿ ಸಹಾಯಧನ. ಅದರ ಮೇಲೆ ಕರ್ನಾಟಕ ಸರ್ಕಾರ ನೂರಕ್ಕೆ 15 ಸೇರಿಸಿತು. ನಾವು ಇದಕ್ಕೇ ಅರ್ಜಿ ಹಾಕಿದೆವು. ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅರ್ಜಿ ಬರೆಯಲು ಸಹಾಯ ಮಾಡಿದರು.

ನಮ್ಮ ಲೆಕ್ಕ ಹೀಗಿತ್ತು:

ಒಟ್ಟು ವೆಚ್ಚ – 10,00,000 ರೂಪಾಯಿ
ನಮ್ಮ ಕೈಯಿಂದ – 1,00,000
ಬ್ಯಾಂಕಿನ ಸಾಲ – 9,00,000
ಸಿಗುವ ಸಹಾಯಧನ – 5,00,000

ಸಹಾಯಧನ ಮೊದಲೇ ಕೈಗೆ ಬರುತ್ತದೆ ಎಂದು ನಾವು ತಿಳಿದಿದ್ದೆವು. ಅದು ತಪ್ಪು. ಆ ಹಣ ಬ್ಯಾಂಕಿನಲ್ಲಿ ನಮ್ಮ ಹೆಸರಿನಲ್ಲಿ ಇರುತ್ತದೆ. 3 ವರ್ಷ ನಾವು ಕಂತು ಸರಿಯಾಗಿ ಕಟ್ಟಬೇಕು. ಉದ್ದಿಮೆ ನಡೆಯುತ್ತಿರಬೇಕು. ಆಮೇಲೆ ಅದು ನಮ್ಮ ಸಾಲಕ್ಕೆ ಜಮಾ ಆಗುತ್ತದೆ.

ಇನ್ನೊಂದು ನಿಯಮವೂ ಇತ್ತು. ಒಟ್ಟು ವೆಚ್ಚದಲ್ಲಿ ಕಟ್ಟಡದ ಕೆಲಸ ನೂರಕ್ಕೆ 30 ಮೀರಬಾರದು. ಅಂದರೆ ನಮಗೆ ಕಟ್ಟಡಕ್ಕೆ 3,00,000 ಮಾತ್ರ. ಉಳಿದದ್ದು ಯಂತ್ರಗಳಿಗೆ. ಕಟ್ಟಡದ ಹಣ ಅರ್ಧಕ್ಕೇ ಮುಗಿದರೆ ಏನು ಗತಿ? ಮೇಲೆ ತಗಡು ಬೀಳುವುದಿಲ್ಲ. ಯಂತ್ರ ಇಡಲು ಜಾಗ ಇರುವುದಿಲ್ಲ. ಆದರೆ ಸಾಲದ ಬಡ್ಡಿ ನಿಲ್ಲುವುದಿಲ್ಲ. ಉದ್ದಿಮೆ ನಡೆಯದಿದ್ದರೆ ಸಹಾಯಧನವೂ ಇಲ್ಲ. ಅದಕ್ಕೇ ಒಂದೊಂದು ರೂಪಾಯಿಗೂ ಲೆಕ್ಕ ಬೇಕು.

ಕೆಲಸ ಶುರುವಾಯಿತು

ಪಂಚಾಯ್ತಿಯಿಂದ ಪರವಾನಗಿ ತಗೊಂಡೆವು. ಮೂರು ಕಡೆ ದರ ಕೇಳಿದೆವು. ಒಬ್ಬ ಗೌಂಡಿಯನ್ನು ಗೊತ್ತು ಮಾಡಿದೆವು. ಅವರು ಹಣ ಪೂರ್ತಿ ಮುಂಗಡ ಕೇಳಿದರು. ನಾವು ಒಪ್ಪಲಿಲ್ಲ. ಪಾಯ ಮುಗಿದಾಗ ಒಂದು ಕಂತು. ಗೋಡೆ ಎದ್ದಾಗ ಒಂದು. ತಗಡು ಬಿದ್ದಾಗ ಒಂದು. ಗಿಲಾವು ಮುಗಿದಾಗ ಕೊನೆಯದು. ಇದನ್ನು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದೆವು.

ಕೆಲಸ ನಡೆದಾಗ ರೊಟ್ಟಿ ನಿಲ್ಲಿಸಲಿಲ್ಲ. ಒಬ್ಬ ಅಕ್ಕನ ಹಿತ್ತಲಲ್ಲಿ ಒಲೆ ಹೂಡಿದೆವು. ಗಿರಾಕಿ ಒಮ್ಮೆ ಬಿಟ್ಟು ಹೋದರೆ ಮತ್ತೆ ಬರುವುದು ಕಷ್ಟ.

3,00,000ದಲ್ಲಿ 30,000 ಮುಟ್ಟದೆ ತೆಗೆದಿಟ್ಟಿದ್ದೆವು. ಅದು ಒಳ್ಳೆಯದೇ ಆಯಿತು. ಹಳೆಯ ತಗಡು ಇಳಿಸಿದಾಗ ಕೆಳಗಿನ ತೊಲೆಗೆ ಗೆದ್ದಲು ಹಿಡಿದಿತ್ತು. ಹೊಸ ತೊಲೆಗೆ 14,000 ಹೋಯಿತು.

ಗಿಲಾವಿನ ಬಿಲ್ಲು

ಹೊಸ ಕೋಣೆಯ ಒಳಗೋಡೆಗೆ ಗಿಲಾವು ಮುಗಿಯಿತು. ಗೌಂಡಿ ಬಿಲ್ಲು ತಂದರು. 820 ಚದರ ಅಡಿ. ಅಡಿಗೆ 30 ರೂಪಾಯಿ. ಒಟ್ಟು 24,600.

"ಸಹಿ ಮಾಡ್ರಿ ಅಕ್ಕಾರ, ನನಗ ಹೊತ್ತಾತು" ಅಂದರು.

ನಮ್ಮ ಖಜಾಂಚಿ ಅಕ್ಕ ಪೆನ್ನು ತೆಗೆದಳು. ಎರಡು ವರ್ಷದ ಹಿಂದೆ ಆಕೆ ಹೆಬ್ಬೆಟ್ಟು ಒತ್ತುತ್ತಿದ್ದಳು. ಈಗ ಸಹಿ ಬರುತ್ತದೆ. ಆದರೆ ಆಕೆ ಸಹಿ ಹಾಕಲಿಲ್ಲ. ಬಿಲ್ಲು ಓದಿದಳು.

"ಟೇಪ್ ಹಿಡೀರಿ ಅಣ್ಣಾರ, ಅಳತಿ ಮಾಡೋಣು" ಅಂದಳು.

"ಯಾಕ? ನನ್ನ ಮ್ಯಾಲ ನಂಬಿಕಿ ಇಲ್ಲೇನು?"

"ನಂಬಿಕಿ ಐತ್ರಿ. ಅಳತಿ ಮಾಡಿದ್ರ ನಂಬಿಕಿ ಹೆಚ್ಚಾಗ್ತದ."

ಎಲ್ಲರೂ ಸೇರಿ ಅಳೆದೆವು. ಕೋಣೆ 20 ಅಡಿ ಉದ್ದ, 15 ಅಡಿ ಅಗಲ. ಗೋಡೆ 10 ಅಡಿ ಎತ್ತರ.

ನಾಲ್ಕು ಗೋಡೆಯ ಉದ್ದ: 20 + 15 + 20 + 15 = 70 ಅಡಿ
ಗೋಡೆಯ ಒಟ್ಟು ಅಳತೆ: 70 × 10 = 700 ಚದರ ಅಡಿ
ಒಂದು ಬಾಗಿಲು: 4 × 7 = 28
ಎರಡು ಕಿಟಕಿ: 4 × 4 = 16, ಎರಡಕ್ಕೆ 32
ಗಿಲಾವು ಇಲ್ಲದ ಜಾಗ: 28 + 32 = 60
ಉಳಿದದ್ದು: 700 – 60 = 640 ಚದರ ಅಡಿ

"ಬಾಗಿಲು ಕಿಟಕಿಯ ಒಳ ಅಂಚಿಗೂ ಗಿಲಾವು ಮಾಡೀನಿ" ಅಂದರು ಗೌಂಡಿ. ಅವರ ಮಾತು ಖರೆ ಇತ್ತು. ಅದನ್ನೂ ಅಳೆದೆವು. 20 ಚದರ ಅಡಿ ಆಯಿತು. ಒಟ್ಟು 660. ಬಿಲ್ಲಿನಲ್ಲಿ 160 ಚದರ ಅಡಿ ಹೆಚ್ಚಿಗೆ ಬರೆದಿತ್ತು. 160 × 30 = 4,800 ರೂಪಾಯಿ.

ಗೌಂಡಿ ಸುಮ್ಮನಾದರು. ಬಿಲ್ಲು ತಿದ್ದಿ 19,800 ಎಂದು ಬರೆದರು. ನಾವು ಆಗಲೇ ಚೆಕ್ಕು ಕೊಟ್ಟು ರಸೀದಿ ತಗೊಂಡೆವು. ಜಗಳ ಆಗಲಿಲ್ಲ.

4,800 ಅಂದರೆ ಎಷ್ಟು? ಒಂದು ರೊಟ್ಟಿಗೆ ನಮಗೆ ಉಳಿಯುವುದು 1 ರೂಪಾಯಿ. ಅಂದರೆ 4,800 ರೊಟ್ಟಿ ಬಡಿಯಬೇಕು. ಅಷ್ಟು ದುಡಿಮೆ ಒಂದು ಸಹಿಯಲ್ಲಿ ಹೋಗುತ್ತಿತ್ತು.

ಈಗ ಹೊಸ ಕೋಣೆಯಲ್ಲಿ ಹೊಗೆ ಹೊರಗೆ ಹೋಗುತ್ತದೆ. ಕಿಟಕಿಗೆ ಜಾಳಿಗೆ ಇದೆ. ನೊಣ ಬರುವುದಿಲ್ಲ. ನೆಲ ತೊಳೆದರೆ ನೀರು ಇಳಿದು ಹೋಗುತ್ತದೆ. ಖಾನಾವಳಿಯವರ 500 ರೊಟ್ಟಿ ಈಗ ಇಲ್ಲಿಂದಲೇ ಹೋಗುತ್ತದೆ. ಟೇಪು ಬಾಗಿಲ ಹಿಂದಿನ ಮೊಳೆಗೆ ತೂಗಿದೆ.

ನಾವು ಕಲಿತದ್ದು

1. ಖಾಲಿ ಕಾಗದಕ್ಕೆ, ಖಾಲಿ ಚೆಕ್ಕಿಗೆ ಸಹಿ ಹಾಕಬಾರದು.
2. ಮಾತಾದದ್ದನ್ನು ಬರೆದಿಡಬೇಕು.
3. ಅಳತೆ ಆದ ಮೇಲೆ ಹಣ. ಹಣಕ್ಕೆ ರಸೀದಿ.
4. ನೂರಕ್ಕೆ 10 ರೂಪಾಯಿ ಆಪತ್ತಿಗೆ ತೆಗೆದಿಡಬೇಕು.
5. ಲೆಕ್ಕವನ್ನು ಪ್ರತಿ ವಾರ ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಬೇಕು.

ಹೊಸ ಪದಗಳು

ಸಹಾಯಧನ – ಸರ್ಕಾರ ಕೊಡುವ ನೆರವಿನ ಹಣ
ಕಂತು – ಭಾಗ ಭಾಗವಾಗಿ ಕೊಡುವ ಹಣ
ಗಿಲಾವು – ಗೋಡೆಗೆ ಬಳಿಯುವ ಸಿಮೆಂಟು, ಮರಳಿನ ಲೇಪ
ಚದರ ಅಡಿ – ಉದ್ದವನ್ನು ಅಗಲದಿಂದ ಗುಣಿಸಿದರೆ ಬರುವ ಅಳತೆ

ನೀವೇ ಲೆಕ್ಕ ಮಾಡಿ

ನಿಮ್ಮ ಮನೆಯ ಒಂದು ಗೋಡೆ ಅಳೆಯಿರಿ. ಉದ್ದ ಎಷ್ಟು? ಎತ್ತರ ಎಷ್ಟು? ಒಟ್ಟು ಎಷ್ಟು ಚದರ ಅಡಿ? ಬಾಗಿಲು, ಕಿಟಕಿ ಇದ್ದರೆ ಕಳೆಯಿರಿ. ಅಡಿಗೆ 30 ರೂಪಾಯಿಯಂತೆ ಗಿಲಾವಿಗೆ ಎಷ್ಟಾಗುತ್ತದೆ?

ಸಂಘದಲ್ಲಿ ಮಾತಾಡಿ

ಓದದೆ ಸಹಿ ಹಾಕಿ ನಷ್ಟವಾದದ್ದು ಯಾರಿಗಾದರೂ ಇದೆಯೇ? ಆಗ ಏನು ಮಾಡಬಹುದಿತ್ತು?