ಮಳೆ ಪರೀಕ್ಷೆಗೆ ಮುನ್ನ ಮಣ್ಣನ್ನು ಕುಟ್ಟಿದ್ದೀರಾ?

ತೋಟಗಾರಿಕೆ ಓದುವಾಗ ನಮಗೊಂದು ಪ್ರಾಕ್ಟಿಕಲ್ ಇತ್ತು. ಟ್ರೇಗಳಿಗೆ ಮಣ್ಣು ತುಂಬಿ, ಕೃತಕ ಮಳೆ ಸುರಿಸಿ, ಕೊಚ್ಚಿಹೋದ ಮಣ್ಣನ್ನು ಒಣಗಿಸಿ ತೂಗೋದು. ವರ್ಷಗಟ್ಟಲೆ ಸೊಪ್ಪು, ಗೊಬ್ಬರ ಕಂಡ ತೋಟದ ಮಣ್ಣಿಗೂ ಪಕ್ಕದ ಬೋಳು ಹೊಲದ ಮಣ್ಣಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. "ಹಾಗಾದ್ರೆ ಗೊಬ್ಬರ ಹೊತ್ತು ಏನು ಲಾಭ?" ಅಂತ ಅವತ್ತು ನಾನೇ ಕೇಳಿದ್ದೆ. ನಾವು ಎರಡೂ ಮಣ್ಣನ್ನು ಕುಟ್ಟಿ, 2 ಮಿ.ಮೀ. ಜರಡಿ ಹಿಡಿದಿದ್ದೆವು ಅನ್ನೋದು ಆಮೇಲೆ ಹೊಳೆಯಿತು. ಗೊಬ್ಬರ ಕಟ್ಟಿದ್ದ ಹರಳು ಹರಳಾದ ರಚನೆಯನ್ನು ಮಳೆಗಿಂತ ಮೊದಲೇ ನಾವೇ ಮುರಿದಿದ್ದೆವು!

ಫಲಿತಾಂಶ ಬದಲಾಗೋದು ಎಲ್ಲಿ?

1. ಜರಡಿ: ಮಣ್ಣು ನುಣ್ಣಗಾದಷ್ಟೂ ಹನಿ ಬಿದ್ದಾಗ ರಂಧ್ರಗಳು ಬೇಗ ಮುಚ್ಚಿ ಮೇಲ್ಪದರ ಹಕ್ಕಳೆಗಟ್ಟುತ್ತದೆ. ನೀರು ಇಂಗದೆ ಹರಿಯುತ್ತದೆ.

2. ಒಣಗಿಸುವಿಕೆ: ಪೂರ್ತಿ ಒಣಗಿದ ಹೆಂಟೆಗೆ ಒಮ್ಮೆಲೇ ನೀರು ನುಗ್ಗಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಒತ್ತಡಕ್ಕೆ ಸಿಲುಕಿ ಹೆಂಟೆಯನ್ನು ಸಿಡಿಸುತ್ತದೆ. ಅದೇ ಹೆಂಟೆ ನಿಧಾನವಾಗಿ ನೆನೆದಿದ್ದರೆ ಬಹಳಷ್ಟು ಸಲ ಉಳಿದುಕೊಳ್ಳುತ್ತದೆ. ಫ್ರಾನ್ಸಿನ ಮಣ್ಣು ವಿಜ್ಞಾನಿ ಲ ಬಿಸೋನೇ 1996ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಒಂದೇ ಮಣ್ಣನ್ನು ಮೂರು ರೀತಿ ಪರೀಕ್ಷಿಸುವುದು ಇದಕ್ಕೇ: ದಿಢೀರ್ ನೆನೆಸಿ, ನಿಧಾನ ನೆನೆಸಿ, ನೆನೆಸಿದ ಮೇಲೆ ಅಲುಗಾಡಿಸಿ.

3. ತುಂಬುವಿಕೆ: ಒತ್ತಿ ತುಂಬಿದರೆ ಇಂಗುವುದು ಕಡಿಮೆ, ಹರಿಯುವುದು ಹೆಚ್ಚು. ಎರೆಹುಳದ ದಾರಿ, ಬೇರಿನ ಜಾಡು ಯಾವ ಟ್ರೇಯಲ್ಲೂ ಇರೋಲ್ಲ.

ಹಾಗಂತ ಜರಡಿ ಹಿಡಿದ ಮಣ್ಣಿನ ಪರೀಕ್ಷೆ ವ್ಯರ್ಥ ಅಲ್ಲ. ಇಳಿಜಾರು, ಮಳೆಯ ರಭಸ ಇಂಥವನ್ನು ಹೋಲಿಸಲು ಒಂದೇ ಸಮನಾದ ಮಣ್ಣು ಬೇಕೇ ಬೇಕು. ಆದರೆ ಬೇಸಾಯ ಪದ್ಧತಿಗಳನ್ನು ಹೋಲಿಸುವಾಗ ಆ ಅಂಕಿಯನ್ನು ಹಾಗೇ ನಂಬಬೇಡಿ.

ಮನೆಯಲ್ಲೇ ನೋಡಿ

ಗೊಬ್ಬರ ಹಾಕಿದ ಜಾಗ, ಹಾಕದ ಜಾಗ ಎರಡರಿಂದಲೂ ಮೇಲ್ಮಣ್ಣಿನ ಗೋಲಿ ಗಾತ್ರದ ಎರಡೆರಡು ಹೆಂಟೆ ತನ್ನಿ. ಟ್ರ್ಯಾಕ್ಟರ್ ತುಳಿದು ಗಟ್ಟಿಯಾದದ್ದು ಬೇಡ. ನೆರಳಲ್ಲಿ ಪೂರ್ತಿ ಒಣಗಿಸಿ. ಒಂದೊಂದನ್ನು ಒದ್ದೆ ಬಟ್ಟೆಯ ಮೇಲಿಟ್ಟು ನಿಧಾನ ನೆನೆಯಲು ಬಿಡಿ. ಆಮೇಲೆ ನಾಲ್ಕನ್ನೂ ಬೇರೆ ಬೇರೆ ಲೋಟದ ನೀರಿಗೆ ಮೆಲ್ಲಗೆ ಇಳಿಸಿ, ಐದು ನಿಮಿಷ ನೋಡಿ.

ಒಣಗಿದ್ದು ಮಾತ್ರ ಕುಸಿದರೆ, ನಿಮ್ಮ ಮಣ್ಣಿಗೆ ಅಪಾಯ ಇರೋದು ಬೇಸಿಗೆಯ ಮೊದಲ ಬಿರುಮಳೆಯಲ್ಲಿ; ಅದಕ್ಕೂ ಮುಂಚೆ ಮುಚ್ಚಿಗೆ ಹಾಕಿ. ನೆನೆಸಿದ್ದೂ ಕುಸಿದರೆ ಮಣ್ಣಿನ ಹಿಡಿತವೇ ಕಡಿಮೆ; ಹಸಿರೆಲೆ ಗೊಬ್ಬರ, ಕಾಂಪೋಸ್ಟ್ ಹೆಚ್ಚಿಸಿ, ಉಳುಮೆ ತಗ್ಗಿಸಿ.

ಇನ್ನು ಮುಂದೆ ಯಾರಾದರೂ ಮಣ್ಣು ಸವಕಳಿಯ ಅಂಕಿ ತೋರಿಸಿದರೆ ಮೊದಲು ಒಂದೇ ಪ್ರಶ್ನೆ ಕೇಳಿ: "ಮಳೆ ಸುರಿಸುವ ಮುಂಚೆ ಮಣ್ಣಿಗೆ ಏನು ಮಾಡಿದ್ರಿ?"