ಅಜ್ಜನೂ ಮೊಮ್ಮಗನೂ ಒಬ್ಬರೇ ಆದಾರು, ಹುಷಾರು

ನೀನು ಕಳಿಸಿದ ಎಕ್ಸೆಲ್ ಶೀಟು ನೋಡಿದೆ, ಪುಟ್ಟಿ. ಆರು ತಲೆಮಾರು, ಸಾವಿರದ ಚಿಲ್ಲರೆ ಹೆಸರು. ಅಟ್ಟದ ಮೇಲಿನ ಲಗ್ನಪತ್ರಿಕೆಗಳು, ಹಳೇ ಲೆಕ್ಕದ ಪುಸ್ತಕ, ಅತ್ತೆಯರ ನೆನಪು ಎಲ್ಲವನ್ನೂ ಜಾಲಾಡಿದ್ದೀಯ. ಈಗ ಇದನ್ನೆಲ್ಲ ನಿಯೋಫೋರ್‌ಜೆ ಅನ್ನುವ ಗ್ರಾಫ್ ಡೇಟಾಬೇಸಿಗೆ ಏರಿಸುತ್ತೇನೆ ಅಂತೀಯ. ಏರಿಸು, ಸರಿಯಾದ ಜಾಗವೇ ಅದು. ವಂಶವೃಕ್ಷ ಅಂತ ಬಾಯಲ್ಲಿ ಹೇಳುತ್ತೇವೆಯೇ ಹೊರತು ನಮ್ಮದು ವೃಕ್ಷ ಅಲ್ಲವೇ ಅಲ್ಲ. ಅಕ್ಕನ ಮಗಳನ್ನೇ ತಂದುಕೊಂಡವರು, ಸೋದರಮಾವನ ಮಗನಿಗೆ ಕೊಟ್ಟವರು ತುಂಬಿರುವ ಮನೆ ಇದು. ನಿನ್ನ ಅಜ್ಜಿಗೆ ಅವರ ಮಾವನೇ ತಾಯಿಯ ತಂದೆಯೂ ಹೌದು. ಇಂಥದ್ದನ್ನು ಎಕ್ಸೆಲ್ಲಿನ ಒಂದು ಸಾಲಿನಲ್ಲಿ ಹೇಗೆ ಕೂರಿಸುತ್ತೀಯ? ಗ್ರಾಫ್‌ನಲ್ಲಿ ಮನುಷ್ಯ ಒಂದು ಚುಕ್ಕಿ, ಸಂಬಂಧ ಒಂದು ಎಳೆ. ಒಂದೇ ಚುಕ್ಕಿಗೆ ಎರಡು ದಾರಿಯಿಂದ ಎಳೆ ಬಂದರೂ ಅದಕ್ಕೆ ಗೊಂದಲವಿಲ್ಲ. 2016ರಲ್ಲಿ ಹೊರಬಿದ್ದ ಪನಾಮಾ ಪೇಪರ್ಸ್‌ನ 1.15 ಕೋಟಿ ದಾಖಲೆಗಳಲ್ಲಿ ಯಾರ ಕಂಪನಿಯ ಹಿಂದೆ ಯಾರಿದ್ದಾರೆ ಅಂತ ಪತ್ರಕರ್ತರು ಜಾಡು ಹಿಡಿದದ್ದೂ ಇದೇ ನಿಯೋಫೋರ್‌ಜೆಯಲ್ಲಿ. ನಮ್ಮ ಮನೆಯ ಜಾಡು ಅದಕ್ಕಿಂತ ಸುಲಭ ಅಂತೇನೂ ಅಂದುಕೊಳ್ಳಬೇಡ.

ಶೀಟನ್ನು ಸಿಎಸ್‌ವಿ ಮಾಡಿ, ಲೋಡ್ ಸಿಎಸ್‌ವಿ ಅಂತ ಒಂದು ಸಾಲು ಬರೆದರೆ ಮುಗಿಯಿತು ಅಂದುಕೊಂಡಿದ್ದೀಯ. ಅದು ಐದು ನಿಮಿಷದ ಕೆಲಸವೇ, ನಿಜ. ಆದರೆ ಅದಕ್ಕೆ ಮೊದಲು ಒಂದು ಮಾತು ಇತ್ಯರ್ಥ ಆಗಬೇಕು. ಯಾರು ಯಾರು?

ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ನಿನ್ನ ಶೀಟಿನಲ್ಲಿ ನಂಜುಂಡಯ್ಯ ಮೂರು ಸಲ ಬಂದಿದ್ದಾರೆ. ನಿಯೋಫೋರ್‌ಜೆಯ ಭಾಷೆ ಸೈಫರ್‌ನಲ್ಲಿ ಮರ್ಜ್ ಅನ್ನುವ ಆಜ್ಞೆ ಮಾಡುವುದೇನು? ಹುಡುಕು, ಸಿಕ್ಕರೆ ಅದನ್ನೇ ಬಳಸು, ಸಿಗದಿದ್ದರೆ ಹೊಸದು ಹುಟ್ಟಿಸು. ಹೆಸರೊಂದನ್ನೇ ಕೊಟ್ಟು ಮರ್ಜ್ ಮಾಡಿದೆಯೋ, ಮೂವರು ನಂಜುಂಡಯ್ಯಂದಿರೂ ಒಂದೇ ಚುಕ್ಕಿ. ಆಮೇಲೆ ಆ ಪುಣ್ಯಾತ್ಮ ತನಗೆ ತಾನೇ ಅಜ್ಜ. ಇದಕ್ಕೆ ಹೆದರಿ ಕ್ರಿಯೇಟ್ ಬಳಸಿದರೆ ಇನ್ನೊಂದು ಅವತಾರ: ಫೈಲನ್ನು ಎರಡನೇ ಸಲ ಓಡಿಸಿದ ಕೂಡಲೇ ಇಡೀ ಮನೆತನ ಇಮ್ಮಡಿ.

ಅದಕ್ಕೆ ಮೊದಲ ಕಾಲಂ ಒಂದು ಗುರುತಿನ ಸಂಖ್ಯೆಗೇ ಮೀಸಲಿಡು. ಸಾಲಿನ ನಂಬರನ್ನೇ ಗುರುತು ಮಾಡಬೇಡ, ನಾಳೆ ಯಾರೋ ಶೀಟನ್ನು ಸಾರ್ಟ್ ಮಾಡಿದರೆ ನೀನು ಹೋಗಿ ನಿನ್ನ ಚಿಕ್ಕಪ್ಪ ಆಗುತ್ತೀಯ. 0007 ಅಂತ ಬರೀ ಅಂಕಿಯೂ ಬೇಡ, ಎಕ್ಸೆಲ್ ಮುಂದಿನ ಸೊನ್ನೆಗಳನ್ನು ತಿಂದುಹಾಕುತ್ತದೆ. ‘ವ0007’ ಅಂತ ಅಕ್ಷರದಿಂದ ಶುರುಮಾಡು. ಡೇಟಾ ಏರಿಸುವ ಮುಂಚೆಯೇ ಆ ಗುರುತಿನ ಮೇಲೆ ಯೂನಿಕ್ ಕನ್‌ಸ್ಟ್ರೇಂಟ್ ಹಾಕು. ಒಂದೇ ಗುರುತು ಇಬ್ಬರಿಗೆ ಬೀಳದಂತೆ ಅದು ಕಾಯುತ್ತದೆ, ಹುಡುಕಾಟವೂ ಚುರುಕಾಗುತ್ತದೆ.

ತಾರೀಕುಗಳ ಕಡೆ ಕಣ್ಣಿಡು. ಎಕ್ಸೆಲ್ಲಿನ ಪಂಚಾಂಗ ಶುರುವಾಗುವುದೇ 1900ರಿಂದ. 1891ರಲ್ಲಿ ಹುಟ್ಟಿದ ಮುತ್ತಜ್ಜನ ತಾರೀಕನ್ನು ಅದು ಬರೀ ಅಕ್ಷರ ಅಂತ ಇಟ್ಟುಕೊಂಡಿರುತ್ತದೆ. 12-3-28 ಅಂತ ಹೊಡೆದರೆ ಅದನ್ನು 2028 ಅಂತ ಓದುತ್ತದೆ, ನಿನ್ನ ದೊಡ್ಡಜ್ಜಿ ಇನ್ನೂ ಹುಟ್ಟೇ ಇಲ್ಲ! ವರ್ಷ, ತಿಂಗಳು, ದಿನ ಮೂರನ್ನೂ ಬೇರೆ ಬೇರೆ ಕಾಲಂ ಮಾಡಿಬಿಡು. ನಮ್ಮ ಹಿರಿಯರಲ್ಲಿ ಅರ್ಧ ಜನಕ್ಕೆ ವರ್ಷ ಬಿಟ್ಟು ಬೇರೇನೂ ಗೊತ್ತಿಲ್ಲವಲ್ಲ. ಲೋಡ್ ಸಿಎಸ್‌ವಿ ಎಲ್ಲವನ್ನೂ ಪಠ್ಯವಾಗಿಯೇ ಕೊಡುವುದರಿಂದ ಅಂಕಿಯನ್ನು ಅಂಕಿ ಮಾಡುವ ಕೆಲಸ ನಿನ್ನದೇ.

ಇನ್ನು ಕನ್ನಡ. ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಅನ್ನುವುದನ್ನೇ ಆರಿಸು, ಬರೀ ಸಿಎಸ್‌ವಿ ಒತ್ತಿದರೆ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆಗಳಾಗುತ್ತವೆ. ನಿಮ್ಮಪ್ಪ ಕೊಟ್ಟ ಹಳೇ ಪಟ್ಟಿ ನುಡಿ ತಂತ್ರಾಂಶದ ಯೂನಿಕೋಡ್ ಅಲ್ಲದ ಫಾಂಟಿನಲ್ಲಿದೆ. ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮೊದಲು ಯೂನಿಕೋಡಿಗೆ ಪರಿವರ್ತಿಸು. ಒತ್ತು, ಅರ್ಕಾವತ್ತು ಸರಿ ಬಂದಿವೆಯೇ ಅಂತ ಒಂದು ಪುಟವನ್ನಾದರೂ ಕಣ್ಣಾರೆ ಓದು.

ಏರಿಸುವಾಗ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಬರೀ ಜನ. ಎರಡನೆಯದರಲ್ಲಿ ಇಬ್ಬರನ್ನೂ ಗುರುತಿನಿಂದ ಹುಡುಕಿ ನಡುವಿನ ಎಳೆ. ಅಪ್ಪ, ಎಳೆ, ಮಗ ಮೂರನ್ನೂ ಒಂದೇ ಮರ್ಜ್‌ನಲ್ಲಿ ತುರುಕಬೇಡ. ಇಡೀ ವಿನ್ಯಾಸ ಮೊದಲೇ ಇರದಿದ್ದರೆ ಅದು ಇದ್ದ ಅಪ್ಪನನ್ನು ಬಿಟ್ಟು ಹೊಸ ಅಪ್ಪನನ್ನೇ ಸೃಷ್ಟಿಸಲು ಹೊರಡುತ್ತದೆ. ತಂದೆಯ ಕಾಲಂ ಖಾಲಿ ಇರುವ ಸಾಲುಗಳನ್ನು ಬದಿಗಿಡು, ಖಾಲಿ ಗುರುತಿನ ಮೇಲೆ ಮರ್ಜ್ ಮಾಡಹೋದರೆ ಅದು ಅಲ್ಲೇ ತಕರಾರು ಮಾಡಿ ನಿಂತುಬಿಡುತ್ತದೆ. ಲಕ್ಷಾಂತರ ಸಾಲಿದ್ದವರು ಕಂತುಕಂತಾಗಿ ಏರಿಸಬೇಕು, ನಿನಗೆ ಆ ಗೋಜಿಲ್ಲ.

ಇಷ್ಟು ಮಾಡಿದರೆ ಮೊದಲ ಸಲ ಸುಸೂತ್ರ. ತಲೆನೋವೆಲ್ಲ ಎರಡನೇ ಸಲ.

ದೀಪಾವಳಿಗೆ ಎಲ್ಲರೂ ಸೇರಿದಾಗ ಶೀಟಿನಲ್ಲಿ ತಿದ್ದುಪಡಿ ಆಗುತ್ತದೆ. ‘ಇವಳು ಅವರ ಮಗಳಲ್ಲ, ಅವರ ತಮ್ಮನ ಮಗಳು’ ಅಂತ ಅತ್ತೆ ಹೇಳುತ್ತಾರೆ. ನೀನು ತಂದೆಯ ಗುರುತು ಬದಲಿಸಿ ಫೈಲನ್ನು ಮತ್ತೆ ಓಡಿಸುತ್ತೀಯ. ಮರ್ಜ್ ಹೊಸ ತಂದೆಗೆ ಎಳೆ ಎಳೆಯುತ್ತದೆ, ಹಳೇ ಎಳೆಯನ್ನು ಮುಟ್ಟುವುದಿಲ್ಲ. ಈಗ ಆಕೆಗೆ ಇಬ್ಬರು ಅಪ್ಪಂದಿರು. ತಿದ್ದುಪಡಿಯ ಸಾಲಿಗೆ ಮೊದಲು ಹಳೇ ತಂದೆಯ ಎಳೆ ಅಳಿಸಿ, ಆಮೇಲೆ ಹೊಸದನ್ನು ಹಾಕಬೇಕು.

ಇನ್ನೊಂದು ಗಂಡಾಂತರ ಖಾಲಿ ಖಾನೆಯದು. ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ನೌಕರಿಯಲ್ಲಿದ್ದಾಗ ಒಂದು ಪಟ್ಟಿಯನ್ನು ಹೊಸ ಶೀಟಿನಿಂದ ಪರಿಷ್ಕರಿಸಿದೆ. ಕಳಿಸಿದವರು ಹೊಸ ವಿಳಾಸವಷ್ಟೇ ತುಂಬಿ ಉಳಿದ ಕಾಲಂಗಳನ್ನು ಹಾಗೇ ಬಿಟ್ಟಿದ್ದರು. ನಾನು ಇಡೀ ಸಾಲನ್ನು ಒಂದೇ ಏಟಿಗೆ ಚುಕ್ಕಿಯ ಮೇಲೆ ಸುರಿದೆ. ಖಾಲಿ ಖಾನೆ ನಲ್ ಆಗಿ ಬರುತ್ತದೆ, ನಲ್ ಅಂದರೆ ಆ ಗುಣವನ್ನು ಕಿತ್ತುಹಾಕು ಅಂತ ಅರ್ಥ. ನೂರಾರು ಫೋನ್ ನಂಬರು ಸದ್ದಿಲ್ಲದೆ ಮಾಯ. ಯಾವ ದೋಷವೂ ತೋರಲಿಲ್ಲ, ಎಲ್ಲ ಯಶಸ್ವಿ ಅಂತಲೇ ಬಂತು. ಹಿಂದಿನ ರಾತ್ರಿಯ ಬ್ಯಾಕಪ್ ಇದ್ದದ್ದರಿಂದ ಮರ್ಯಾದೆ ಉಳಿಯಿತು. ಅಂದಿನಿಂದ ಕೋಲೆಸ್ ಇಲ್ಲದೆ ಯಾವ ಗುಣವನ್ನೂ ಬದಲಿಸಿಲ್ಲ: ಹೊಸದು ಇದ್ದರೆ ಹೊಸದು, ಇಲ್ಲದಿದ್ದರೆ ಹಳೆಯದೇ ಇರಲಿ.

ಶೀಟಿನಿಂದ ಒಂದು ಸಾಲು ಅಳಿಸಿದರೆ ಗ್ರಾಫಿನಿಂದ ಆ ಮನುಷ್ಯ ತಾನಾಗಿ ಹೋಗುವುದಿಲ್ಲ. ಪ್ರತಿ ಸಲ ಓಡಿಸಿದಾಗಲೂ ಮುಟ್ಟಿದ ಚುಕ್ಕಿಗಳಿಗೆಲ್ಲ ಆ ದಿನದ ತಾರೀಕು ಹಚ್ಚು. ಹಳೇ ತಾರೀಕಿನವು ಯಾವುವು ಅಂತ ಕೇಳಿದರೆ ಶೀಟಿನಿಂದ ಬಿಟ್ಟುಹೋದವರು ಸಿಗುತ್ತಾರೆ. ಕೂಡಲೇ ಅಳಿಸಬೇಡ. ಹೀಗೆ ಸಿಕ್ಕವರು ಬೇಡವಾಗಿ ಹೋದವರೇ ಆಗಬೇಕಿಲ್ಲ, ನಿನ್ನ ತಮ್ಮ ಕೈತಪ್ಪಿ ಡಿಲೀಟ್ ಒತ್ತಿದ್ದೂ ಇರಬಹುದು.

ಆ ಮೂರನೇ ನಂಜುಂಡಯ್ಯನವರ ತಂದೆಯ ಖಾನೆ ಇನ್ನೂ ಖಾಲಿ ಇದೆ. ಮೈಸೂರಿನ ಅತ್ತೆಗೆ ಗೊತ್ತಿರಬೇಕು, ಫೋನ್ ಮಾಡಿ ಕೇಳು. ಮಧ್ಯಾಹ್ನ ಮಲಗಿರುತ್ತಾರೆ, ನಾಲ್ಕರ ಮೇಲೆ ಮಾಡು.